ಹಿತ್ತಲಲ್ಲಿ ಅರಳಿದ ಏಳು ಡಬ್ಬ

ಮನೆಯ ಮುಂದಿನ ಮೆಟ್ಟಿಲುಗಳಿಗೆ ವರ್ಷದ ಹನ್ನೊಂದು ತಿಂಗಳು ನಮ್ಮಿಂದ ಮೆಟ್ಟಿಸಿಕೊಳ್ಳುವುದು ಬಿಟ್ಟರೆ ಬೇರೆ ಭಾಗ್ಯವಿಲ್ಲ. ಮಹಾಲಯ ಅಮಾವಾಸ್ಯೆ ಕಳೆಯಿತೆಂದರೆ ಮಾತ್ರ ಅವುಗಳ ಅದೃಷ್ಟ ಖುಲಾಯಿಸುತ್ತದೆ. ಕೋಲಾರದ ನಮ್ಮ ಬಡಾವಣೆಯಲ್ಲಿ ಆ ಹತ್ತು ದಿನ ಯಾರೂ ತಮ್ಮ ಮನೆಯನ್ನು ನೇರವಾಗಿ ಪ್ರವೇಶಿಸಲಾರರು. ಎಡಕ್ಕೊಂದು ಚೆಂಡುಹೂವಿನ ಕುಂಡ, ಬಲಕ್ಕೊಂದು ಸೇವಂತಿಗೆಯ ಕುಂಡ. ನಡುವೆ ಉಳಿದ ಅಂಗೈಯಗಲದ ಜಾಗದಲ್ಲಿ ಗೃಹಸ್ಥನಾದವನು ಪಂಚೆ ಎತ್ತಿ ಹಿಡಿದು, ಪಾದ ಓರೆಮಾಡಿ, ಭರತನಾಟ್ಯದ ತರಗತಿಗೆ ಮೊನ್ನೆಮೊನ್ನೆ ಸೇರಿದವನಂತೆ ಹೆಜ್ಜೆಯಿಡಬೇಕು. ಹಬ್ಬ ಮನೆಯೊಳಗೆ ಬರಲೆಂದು ಇಟ್ಟ ಹೂಗಳ ದೆಸೆಯಿಂದ ಮನೆಯವರೇ ಹೊರಗುಳಿಯುವ ಈ ಸೊಗಸನ್ನು ನಾನು ಹಲವು ವರ್ಷಗಳಿಂದ ನೋಡುತ್ತ ಬಂದಿದ್ದೇನೆ.

ಶರದೃತುವೆಂಬುದು ಕಾವ್ಯಗಳಲ್ಲಿ ಬರುವಷ್ಟು ಠೀವಿಯಿಂದ ನಮ್ಮ ಜಿಲ್ಲೆಗೆ ಬರುವುದಿಲ್ಲ. ಕೊಳಗಳು ತಿಳಿಯಾಗಬೇಕಾದರೆ ಮೊದಲು ಕೊಳಗಳಲ್ಲಿ ನೀರಿರಬೇಕಷ್ಟೆ. ಹಂಸಗಳ ವಿಚಾರ ಆಮೇಲೆ. ಬೆಳಗಿನ ಹೊತ್ತು ತುಸು ಚಳಿ, ಹೊಲದಲ್ಲಿ ತೆನೆಯೊಡೆದ ರಾಗಿ, ಮಾರುಕಟ್ಟೆಯ ಮೂಲೆಯಲ್ಲಿ ಗುಡ್ಡೆಬಿದ್ದ ಚೆಂಡುಹೂ, ಇಷ್ಟು ಕಂಡರೆ ಶರತ್ಕಾಲ ಬಂತೆಂದು ನಾವು ಉದಾರವಾಗಿ ಒಪ್ಪಿಕೊಳ್ಳುತ್ತೇವೆ. ಹಾಗೆ ಒಪ್ಪಿಕೊಂಡು ಸುಮ್ಮನಿದ್ದಿದ್ದರೆ ಈ ಪ್ರಬಂಧ ಬರೆಯುವ ಸಂದರ್ಭವೇ ಬರುತ್ತಿರಲಿಲ್ಲ. ಆದರೆ ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತನಾದವನ ಕೈಗೆ ಬಿಡುವೂ ಮೊಬೈಲೂ ಒಟ್ಟಿಗೇ ಸಿಕ್ಕಿದರೆ ಆಗಬಾರದ್ದು ಆಗುತ್ತದೆ. ನನಗೆ ಕುಂಡಗಳ ಹುಚ್ಚು ಹಿಡಿಯಿತು.

ಮೊಬೈಲಿನಲ್ಲಿ ಯಾವುದೋ ತಣ್ಣನೆಯ ದೇಶದ ಹೆಂಗಸೊಬ್ಬಳು ಬಾಗಿಲ ಮುಂದೆ ಕುಂಡಗಳನ್ನು ಜೋಡಿಸುವುದನ್ನು ಒಂದು ಮಧ್ಯಾಹ್ನ ನೋಡಿದೆ. ಹಿಂದೆ ಎತ್ತರದ ಗಿಡ, ನಡುವೆ ಗುಂಪು ಕಟ್ಟಿದ ಹೂ, ಅಂಚಿನಲ್ಲಿ ಜೋಲುವ ಬಳ್ಳಿ, ಕಾಲಬುಡದಲ್ಲಿ ಒಂದು ದಪ್ಪ ಕುಂಬಳಕಾಯಿ. ನೋಡಿದೊಡನೆ ನನ್ನೊಳಗಿನ ಕಲಾವಿದ ಎದ್ದು ಕೂತ. ಅವನು ಅಲ್ಲಿದ್ದನೆಂಬುದು ಅಲ್ಲಿಯವರೆಗೆ ನನಗೂ ತಿಳಿದಿರಲಿಲ್ಲ. ಮಾಲೂರಿನ ಕಡೆಯಿಂದ ಒಂದೇ ಅಳತೆಯ, ಒಂದೇ ಕೆಂಪಿನ ಹದಿನಾಲ್ಕು ಮಣ್ಣಿನ ಕುಂಡಗಳನ್ನು ತರಿಸಿದೆ. ಲಕ್ಕೂರಿನ ರಸ್ತೆಬದಿಯ ನರ್ಸರಿಯಿಂದ ಹೂಬಿಟ್ಟ ಗಿಡಗಳನ್ನೇ ತಂದೆ. ಸಿಹಿಗುಂಬಳವನ್ನೂ ತಂದು ಮೊದಲ ಮೆಟ್ಟಿಲ ಪಕ್ಕ ಪ್ರತಿಷ್ಠಾಪಿಸಿದೆ. ಮೂರನೆಯ ದಿನ ನನ್ನ ಹೆಂಡತಿ ವಿಮಲ ಅದರಲ್ಲಿ ಅರ್ಧವನ್ನು ಹುಳಿಗೆ ಹಾಕಿದಳು. ಉಳಿದರ್ಧವನ್ನು ಕೊಯ್ದ ಕಡೆ ಕಾಣದಂತೆ ತಿರುಗಿಸಿ ಇಟ್ಟಿದ್ದೇನೆಂದು ಸಮಾಧಾನವನ್ನೂ ಹೇಳಿದಳು.

ಇದೆಲ್ಲ ಎರಡು ವರ್ಷಗಳ ಹಿಂದಿನ ಮಾತು. ಆ ವರ್ಷವೇ ಬಡಾವಣೆಯ ಸಂಘದವರು ಮನೆಯಂಗಳದ ಅಲಂಕಾರಕ್ಕೆ ಸ್ಪರ್ಧೆ ಏರ್ಪಡಿಸಿದ್ದರು. ಆಯುಧಪೂಜೆಯ ಬೆಳಿಗ್ಗೆ ಮೂವರು ತೀರ್ಪುಗಾರರು ಮನೆಮನೆಗೆ ಬರುವವರಿದ್ದರು. ಜೀವಮಾನವೆಲ್ಲ ಇತರರ ಉತ್ತರಪತ್ರಿಕೆ ತಿದ್ದಿದವನಿಗೆ ತಾನೇ ಉತ್ತರಪತ್ರಿಕೆಯಾಗುವ ಪ್ರಸಂಗ ಬಂದರೆ ಎಂಥ ಕಂಪನವಾಗುತ್ತದೆಂಬುದನ್ನು ಅನುಭವಿಸಿಯೇ ಅರಿಯಬೇಕು.

ಇಲ್ಲಿ ನನ್ನ ಅಕ್ಕನ ವಿಷಯ ಹೇಳಬೇಕು. ಹೆಸರು ಮುನಿರತ್ನಮ್ಮ, ಊರಿಗೆಲ್ಲ ರತ್ನಕ್ಕ. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಹುತ್ತೂರಿನಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ಒಂದಿಷ್ಟು ಹಿಪ್ಪುನೇರಳೆ, ಒಂದಿಷ್ಟು ರಾಗಿ, ಮನೆಯಲ್ಲಿ ರೇಷ್ಮೆಹುಳು. ಅವಳಿಗೆ ಓದು ಬರದು. ಆದರೆ ಯಾವ ಬೀಜವನ್ನು ಯಾವ ದಿನ ಮಣ್ಣಿಗೆ ಹಾಕಿದರೆ ಯಾವ ದಿನ ಅದು ಕಣ್ಣು ಬಿಡುತ್ತದೆಂಬುದು ಅವಳಿಗೆ ಪಂಚಾಂಗಕ್ಕಿಂತ ಚೆನ್ನಾಗಿ ಗೊತ್ತು. ಅವಳ ಕೈಗುಣವೆಂದರೆ ಹುತ್ತೂರಿನಲ್ಲಿ ಅಷ್ಟು ನಂಬಿಕೆ. ಮೆಣಸಿನಕಾಯಾಗಲಿ, ಬದನೆಯಾಗಲಿ, ಚೆಂಡುಹೂವಾಗಲಿ, ಹೊಲಕ್ಕೆ ಇಳಿಸುವ ಮೊದಲ ಸಸಿಯನ್ನು ರತ್ನಕ್ಕನ ಕೈಯಿಂದ ಈಸಿಕೊಂಡು ಹೋಗುವುದು ಅಲ್ಲಿಯ ಹೆಂಗಸರ ರೂಢಿ. ಸಸಿಗೆ ಅವಳು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆಷಾಢದಿಂದ ಶ್ರಾವಣದವರೆಗೆ ಅವಳ ಬಾಗಿಲಲ್ಲಿ ಯಾರಾದರೊಬ್ಬರು ನಿಂತೇ ಇರುತ್ತಿದ್ದರು. ಅದೇ ಅವಳ ಸಂಪಾದನೆ.

ನನ್ನ ಕುಂಡಗಳ ಹುಚ್ಚಿನ ಸುದ್ದಿ ಅವಳಿಗೂ ಮುಟ್ಟಿತ್ತು. ತಮ್ಮನಿಗೆ ತನ್ನ ವಿದ್ಯೆಯಲ್ಲಿ ಆಸಕ್ತಿ ಹುಟ್ಟಿದೆಯೆಂದು ಹಿಗ್ಗಿದವಳು ನನಗೊಂದು ಮಾತೂ ಹೇಳದೆ ಆಷಾಢದಲ್ಲೇ ಕೆಲಸ ಶುರುಮಾಡಿದ್ದಳು. ಆಯುಧಪೂಜೆಗೆ ಎಂಟು ದಿನವಿರುವಾಗ ಟೊಮೆಟೊ ತುಂಬಿದ ಲಗೇಜ್ ಆಟೋವೊಂದು ಮಂಡಿಗೆ ಹೋಗುವ ದಾರಿಯಲ್ಲಿ ನಮ್ಮ ಗೇಟಿನ ಮುಂದೆ ನಿಂತಿತು. ಟೊಮೆಟೊ ಕ್ರೇಟುಗಳ ನಡುವೆ ಅಕ್ಕ ಮಂಡಿ ಮಡಿಸಿ ಕೂತಿದ್ದಳು. ಅವಳ ಸುತ್ತ ಏಳು ಡಬ್ಬ.

ಡಬ್ಬ ಎಂದು ನಾನು ಒಟ್ಟಾಗಿ ಹೇಳಿದೆ. ಬಿಡಿಸಿ ಹೇಳುವುದಾದರೆ ಎರಡು ಎಣ್ಣೆ ಡಬ್ಬ, ಮೂರು ಬಣ್ಣದ ಬಕೆಟ್ಟು, ತಳ ತೂತಾದ ಒಂದು ಅಲ್ಯೂಮಿನಿಯಂ ಡಬರಿ, ಹಿಡಿ ಮುರಿದ ಒಂದು ಪ್ರೆಷರ್ ಕುಕ್ಕರ್. ಅವುಗಳಲ್ಲಿ ಕುಡಿ ಚಿವುಟಿ ಚಿವುಟಿ ಬುಟ್ಟಿಯಂತೆ ಗುಂಡಗೆ ಬೆಳೆಸಿದ ಚೆಂಡುಹೂವಿನ ಗಿಡಗಳು, ಸೇವಂತಿಗೆ, ಕೋಳಿಜುಟ್ಟಿನ ಹೂ, ಮತ್ತೆ ಕುಕ್ಕರಿನಲ್ಲಿ, ನೀವು ನಗಬಾರದು, ರಾಗಿ. ಒಂದೂ ಅರಳಿರಲಿಲ್ಲ. ಎಲ್ಲವೂ ಮೊಗ್ಗು.

"ಆಯುಧಪೂಜೆ ದಿನ ಬಿಡ್ತಾವೆ ಕಣೋ. ಒಂದಿನ ಮುಂಚೆ ಇಲ್ಲ, ಒಂದಿನ ಲೇಟಿಲ್ಲ. ರಾಗೀನೂ ಅವತ್ತಿಗೆ ತೆನೆ ಬಾಗುತ್ತೆ. ತೆನೆ ಇಲ್ದಿದ್ರೆ ದಸರಾ ಎಂಥದು?" ಎಂದಳು ಅಕ್ಕ. ಕಾಫಿಯನ್ನೂ ಕುಡಿಯದೆ ಅದೇ ಆಟೋದಲ್ಲಿ ಹೊರಟಳು. ಹುಳು ನಾಲ್ಕನೇ ಜ್ವರ ಎದ್ದಿದ್ದಾವೆ, ಸೊಪ್ಪು ಹಾಕಬೇಕು ಎಂಬುದು ಅವಳ ಅವಸರ. ರೇಷ್ಮೆಹುಳು ಪೊರೆ ಬಿಡುವುದಕ್ಕೆ ನಮ್ಮಲ್ಲಿ ಜ್ವರ ಎನ್ನುತ್ತಾರೆ. ನಾಲ್ಕನೆಯದು ಎದ್ದ ಮೇಲೆ ಅವು ತಿನ್ನುವ ರಭಸಕ್ಕೆ ಮನೆಮಂದಿಗೆ ಪುರುಸೊತ್ತಿರುವುದಿಲ್ಲ.

ಸಂಸ್ಕೃತದಲ್ಲಿ ಪಾತ್ರವೆಂದರೆ ಪಾತ್ರೆಯೂ ಹೌದು, ಯೋಗ್ಯತೆಯುಳ್ಳವನೂ ಹೌದು ಎಂದು ನಾನು ಎಷ್ಟೋ ವರ್ಷ ಹತ್ತನೆಯ ತರಗತಿಯ ಮಕ್ಕಳಿಗೆ ಉಪದೇಶಿಸಿದ್ದೇನೆ. ಪಾತ್ರೆ ನೋಡಿ ಯೋಗ್ಯತೆ ಅಳೆಯಬಾರದೆಂದೂ ಸೇರಿಸುತ್ತಿದ್ದೆ. ಆ ಸಂಜೆ ನಾನು ಗೇಟಿನ ಹೊರಗೆ ನಿಂತು, ಕಣ್ಣು ಕಿರಿದುಮಾಡಿ, ತೀರ್ಪುಗಾರರ ದೃಷ್ಟಿಯಿಂದ ನನ್ನ ಮೆಟ್ಟಿಲುಗಳನ್ನು ನೋಡಿದೆ. ಹದಿನಾಲ್ಕು ಕೆಂಪು ಕುಂಡಗಳ ಶಿಸ್ತಿನ ನಡುವೆ ಹಿಡಿ ಮುರಿದ ಕುಕ್ಕರು ನನ್ನನ್ನು ನೋಡಿ ನಗುತ್ತಿದ್ದಂತೆ ಕಂಡಿತು. ಏಳನ್ನೂ ಒಂದೊಂದಾಗಿ ಎತ್ತಿ ಹಿತ್ತಲಿಗೆ, ಬಟ್ಟೆ ಒಗೆಯುವ ಕಲ್ಲಿನ ಪಕ್ಕಕ್ಕೆ ಸಾಗಿಸಿದೆ.

ವಿಮಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. "ಅಕ್ಕ ಬಂದು ಕೇಳಿದ್ರೆ ಏನಂತೀರಿ?"

"ಹುಳ ಬಿಟ್ಟು ಅವಳೆಲ್ಲಿ ಬರ್ತಾಳೆ? ತೀರ್ಪು ಮುಗಿದ ಮೇಲೆ ಮುಂದಕ್ಕೆ ಇಡ್ತೀನಿ ಬಿಡು."

ನನ್ನ ಮನಸ್ಸಿನಲ್ಲಿ ಆಗ ಇದ್ದದ್ದೂ ಅದೇ. ಕೆಟ್ಟದ್ದನ್ನು ಮಾಡುತ್ತಿದ್ದೇನೆಂದು ಅನಿಸಲಿಲ್ಲ. ಒಂದು ಸಾಲನ್ನು ತಾತ್ಕಾಲಿಕವಾಗಿ ಪರಿಶಿಷ್ಟಕ್ಕೆ ಸೇರಿಸುವ ಸಂಪಾದಕನಂತೆ ನಿರಾಳವಾಗಿದ್ದೆ.

ಆಯುಧಪೂಜೆಯ ಬೆಳಿಗ್ಗೆ ತೀರ್ಪುಗಾರರು ಬಂದರು, ನೋಡಿದರು, ಹೋದರು. ನನಗೆ ಸಮಾಧಾನಕರ ಬಹುಮಾನ ಬಂತು. ಗಿಡಕ್ಕೆ ನೀರು ಚಿಮುಕಿಸುವ ಹಸಿರು ಪ್ಲಾಸ್ಟಿಕ್ಕಿನ ಡಬ್ಬ. ಯಾರಿಗೆ ಸಮಾಧಾನ ಬೇಕಾಗಿದೆಯೋ ಅವರಿಗೆ ಸಮಾಧಾನವನ್ನು ಬಿಟ್ಟು ಉಳಿದದ್ದೆಲ್ಲ ಕೊಡುವ ಬಹುಮಾನಕ್ಕೆ ಆ ಹೆಸರನ್ನು ಯಾರಿಟ್ಟರೋ ಕಾಣೆ. ಮುನಿಸಿನಲ್ಲಿ ನಾನು ಹಿತ್ತಲ ಕಡೆ ತಲೆಯೂ ಹಾಕಲಿಲ್ಲ. ಮುಂದಕ್ಕೆ ಇಡುತ್ತೇನೆಂದ ಮಾತು ಮರೆತೇಹೋಯಿತು.

ಮಧ್ಯಾಹ್ನ ಮೂರರ ಹೊತ್ತಿಗೆ ಗೇಟಿನ ಹತ್ತಿರ ಹೆಂಗಸರ ಮಾತು ಕೇಳಿಸಿತು. ಇಣುಕಿದೆ. ಬಾಳೆಕಂದು ಕಟ್ಟಿದ ಬಸ್ಸಿನಿಂದ ಇಳಿದು ಬಂದಿದ್ದ ಅಕ್ಕ, ಜರಿಯಂಚಿನ ಹಸಿರು ಸೀರೆ ಉಟ್ಟು, ತಲೆತುಂಬ ಹೂ ಮುಡಿದು ನಿಂತಿದ್ದಳು. ಜೊತೆಗೆ ಅವಳೂರಿನ ಇಬ್ಬರು, ನಾರಾಯಣಮ್ಮ ಮತ್ತು ಪಾಪಮ್ಮ. ಇಬ್ಬರೂ ಅವಳ ಓರಗೆಯವರು, ದಿನಾ ಹಾಲಿನ ಡೇರಿಯಲ್ಲಿ ಅವಳ ಜೊತೆ ಸಾಲಿನಲ್ಲಿ ನಿಲ್ಲುವವರು. ಕೋಲಾರದಲ್ಲಿ ತನ್ನ ತಮ್ಮನ ಮನೆಯ ಮುಂದೆ ತನ್ನ ಕೈಯ ಗಿಡಗಳು ಹೇಗೆ ಬಿಟ್ಟಿದ್ದಾವೆಂದು ತೋರಿಸಲು, ಹುಳುವಿನ ಕೆಲಸವನ್ನು ಸೊಸೆಗೆ ವಹಿಸಿ, ಅವಳು ಅವರಿಬ್ಬರನ್ನೂ ಕರೆತಂದಿದ್ದಳು.

ಮೂವರೂ ಮೆಟ್ಟಿಲ ಮುಂದೆ ನಿಂತರು. ಅಕ್ಕನ ಕಣ್ಣು ಕೆಳಗಿನ ಮೆಟ್ಟಿಲಿನಿಂದ ಒಂದೊಂದೇ ಕುಂಡವನ್ನು ದಾಟಿಕೊಂಡು ಮೇಲಕ್ಕೆ ಬಂತು. ಮತ್ತೆ ಕೆಳಗಿಳಿಯಿತು. ಕೊನೆಗೆ ನನ್ನ ಮೇಲೆ ನಿಂತಿತು.

"ನೀ ಚೆಟ್ಲೇವಿ ಅಕ್ಕಾ?" ಎಂದಳು ಪಾಪಮ್ಮ. ನಿನ್ನ ಗಿಡಗಳೆಲ್ಲಿ ಎಂದು. ನಮ್ಮ ಕಡೆಯ ಹೆಂಗಸರಿಗೆ ಆತ್ಮೀಯತೆ ಹೆಚ್ಚಾದಾಗ ಮಾತು ತಾನಾಗಿ ತೆಲುಗಿಗೆ ಹೊರಳುತ್ತದೆ.

ಅಕ್ಕ ನನ್ನಿಂದ ಕಣ್ಣು ತೆಗೆದು ಪಾಪಮ್ಮನ ಕಡೆ ತಿರುಗಿದಳು.

"ಅಯ್ಯೋ, ನಿಮ್ಗೆ ಹೇಳೋದೇ ಮರ್ತೆ ಕಣ್ರೇ. ನಂದೆಲ್ಲ ಮೊಗ್ಗಲ್ಲೇ ಉದುರಿಹೋದ್ವಂತೆ. ತಮ್ಮ ಮೊನ್ನೇನೇ ಫೋನ್ ಮಾಡಿದ್ದ. ಈ ಸಲ ಬೀಜ ಹಳೇದು, ಬೇರು ಹಿಡೀಲಿಲ್ಲ. ಇವು ನೋಡ್ರಿ ಎಷ್ಟು ಚೆನ್ನಾಗವೆ, ತಮ್ಮನೇ ಜೋಡ್ಸಿರೋದು."

ನಾನು ಫೋನ್ ಮಾಡಿರಲಿಲ್ಲ. ಒಂದೇ ಉಸಿರಿನಲ್ಲಿ ಅವಳು ಫೋನನ್ನೂ ಸೃಷ್ಟಿಸಿ, ಗಿಡಗಳನ್ನೂ ಸಾಯಿಸಿ, ನನ್ನನ್ನು ಉಳಿಸಿದ್ದಳು. ಉಳಿದವನು ಏನು ಮಾಡಿದೆ? "ಬನ್ನಿ ಬನ್ನಿ, ಒಳಗೆ ಬನ್ನಿ, ಕಾಫಿ ಕುಡೀರಿ" ಎಂದೆ. ನನ್ನ ಧ್ವನಿಯಲ್ಲಿ ಅಷ್ಟೊಂದು ಉತ್ಸಾಹ ಹಿಂದೆಂದೂ ಇರಲಿಲ್ಲವೆಂದು ಆಮೇಲೆ ವಿಮಲ ಹೇಳಿದಳು.

ನಮ್ಮ ಮನೆಗೆ ಬಂದರೆ ಅಕ್ಕ ಮೊದಲು ಪಕ್ಕದ ಓಣಿಯಿಂದ ಹಿತ್ತಲಿಗೆ ಹೋಗಿ ಕಾಲು ತೊಳೆದು ಆಮೇಲೆ ಒಳಗೆ ಬರುವವಳು. ಅವತ್ತು ಹೋಗಲಿಲ್ಲ. ಮುಂಬಾಗಿಲಿನಿಂದಲೇ ಬಂದು ಕುರ್ಚಿಯ ತುದಿಯಲ್ಲಿ ಕೂತು, ಕಾಫಿ ಕುಡಿದು, ಪಾಪಮ್ಮನಿಗೆ ಊರಿನ ಬಸ್ಸಿನ ಹೊತ್ತು ನೆನಪಿಸಿ, ಹೊರಟುಬಿಟ್ಟಳು. ವಿಮಲ ಮೂವರಿಗೂ ಕುಂಕುಮ ಕೊಟ್ಟು ಕಳಿಸಿದಳು.

ಅವರು ಹೋದ ಮೇಲೆ ಹಿತ್ತಲಿಗೆ ಹೋದೆ. ವಿಮಲ ಎಂಟು ದಿನವೂ ತಪ್ಪದೆ ನೀರು ಹಾಕಿದ್ದಳು. ಏಳೂ ಅರಳಿದ್ದವು. ಚೆಂಡುಹೂ ಎಲೆಯೇ ಕಾಣದಂತೆ ತುಂಬಿಕೊಂಡಿತ್ತು. ಕೋಳಿಜುಟ್ಟು ರಕ್ತದಂತೆ ಕೆಂಪಗೆ ನಿಂತಿತ್ತು. ಕುಕ್ಕರಿನೊಳಗಿನ ರಾಗಿ ತೆನೆ ಬಾಗಿಸಿತ್ತು. ಒಂದು ದಿನ ಮುಂಚೆ ಅಲ್ಲ, ಒಂದು ದಿನ ತಡವಿಲ್ಲ. ಅವನ್ನು ಮುಂದಕ್ಕೆ ಒಯ್ಯಬೇಕೆಂದು ಒಂದು ಡಬ್ಬವನ್ನು ಎತ್ತಿದೆ. ಇನ್ನು ಯಾರಿಗೆ ತೋರಿಸುವುದು ಎನಿಸಿ ಅಲ್ಲೇ ಇಳಿಸಿದೆ. ನನ್ನ ನರ್ಸರಿಯ ಗಿಡಗಳು ದೀಪಾವಳಿಯ ಹೊತ್ತಿಗೆ ಬಾಡಿ ಕಡ್ಡಿಯಾದವು. ಬಟ್ಟೆ ಒಗೆಯುವ ಕಲ್ಲಿನ ಪಕ್ಕದವು ಕಾರ್ತಿಕ ಮುಗಿಯುವವರೆಗೂ ಹೂ ಬಿಡುತ್ತಲೇ ಇದ್ದವು. ನಾನು ಆ ಕಡೆ ಹೋಗುವುದನ್ನು ಕಡಿಮೆ ಮಾಡಿದೆ.

ತಪ್ಪು ಮಾಡಿದವನಿಗೆ ಕಾಲವು ಒಳ್ಳೆಯ ವೈದ್ಯನೆಂದು ತೋರುತ್ತದೆ; ನೋವನ್ನಲ್ಲ, ನೆನಪನ್ನು ಅದು ಮರಗಟ್ಟಿಸುತ್ತದೆ. ಸಂಕ್ರಾಂತಿಗೆ ಎಳ್ಳು ಕೊಡಲು ಅಕ್ಕ ಬಂದಳು, ಯುಗಾದಿಗೆ ನಾವು ಹೋದೆವು, ಮಾತು ನಗು ಎಲ್ಲ ಎಂದಿನಂತೆ. ಅವಳು ಗಿಡದ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹೋದ ವರ್ಷ ಭಾದ್ರಪದದಲ್ಲಿ ಮಾತ್ರ ತಡೆಯಲಾಗದೆ ಫೋನಿನಲ್ಲಿ ಕೇಳಿದೆ: "ಅಕ್ಕ, ಈ ಸಲ ಗಿಡ ಹಾಕಿದೀಯಾ? ಮುಂದಿನ ಮೆಟ್ಟಿಲು ಪೂರ್ತಿ ನಿನಗೇ ಬಿಟ್ಟಿದೀನಿ."

"ಇಲ್ಲ ಕಣೋ. ಮಂಡಿ ನೋವು. ಗಿಡ ಗಿಡ ಅಂತ ಕೂತ್ರೆ ಏಳಾಕಾಗಲ್ಲ."

ಮರುದಿನವೇ ಹುತ್ತೂರಿನ ಬಸ್ಸು ಹತ್ತಿದೆ. ಇಳಿದಾಗ ನಿಲ್ದಾಣದಲ್ಲಿ ನಾರಾಯಣಮ್ಮ ಖಾಲಿ ಹಾಲಿನ ಕ್ಯಾನು ಹಿಡಿದು ನಿಂತಿದ್ದಳು. ಅಕ್ಕನ ಮಂಡಿ ನೋವು ಹೇಗಿದೆಯೆಂದು ವಿಚಾರಿಸಿದೆ.

"ಮಂಡಿ ನೋವಾ? ಅಕ್ಕಂಗಾ? ನಿನ್ನೆ ಕೆರೆ ಏರಿ ಮೇಲೆ ಸೊಪ್ಪಿನ ಹೊರೆ ಹೊತ್ಕೊಂಡು ಹೋದ್ಲಲ್ಲ ಸಾರ್." ಆಮೇಲೆ ಏನೋ ಹೊಳೆದವಳಂತೆ ಧ್ವನಿ ತಗ್ಗಿಸಿದಳು. "ಗಿಡ ಹಾಕಾದು ಬಿಟ್ಬಿಟ್ಟಿದಾಳೆ. ಯಾರೂ ಈಸ್ಕೊಳ್ಳಾಕೆ ಬರಲ್ಲ. ಅಕ್ಕನ ಕೈಗುಣ ಹೋಯ್ತು, ತಮ್ಮನ ಮನೇಗೆ ಕೊಟ್ಟಿದ್ದೇ ಮೊಗ್ಗಲ್ಲಿ ಉದುರ್ತು ಅಂತ ಪಾಪಮ್ಮ ಡೇರೀಲಿ ಹೇಳಿದ್ಲು. ಕೆಟ್ಟ ಮನಸಿಂದ ಅಲ್ಲ ಸಾರ್, ಮರುಗಿ ಹೇಳಿದ್ಲು. ಅದು ಹಂಗೇ ಊರೆಲ್ಲ ಹೋಯ್ತು."

ಆ ಮಧ್ಯಾಹ್ನ ಅಕ್ಕ ಕೊಟ್ಟದ್ದು ಒಂದು ಸುಳ್ಳೆಂದಷ್ಟೇ ನಾನು ತಿಳಿದಿದ್ದೆ. ಐವತ್ತು ವರ್ಷ ಗಳಿಸಿದ್ದನ್ನು ಅವಳು ನನ್ನ ಗೇಟಿನಲ್ಲಿ ನಿಂತು ಕೊಟ್ಟುಬಿಟ್ಟಿದ್ದಳು.

"ಉದುರಲಿಲ್ಲ ನಾರಾಯಣಮ್ಮ. ಎಲ್ಲ ಬಿಟ್ಟಿದ್ದವು. ನಾನೇ..." ಎಂದು ತಡವರಿಸಿದೆ.

"ನಂಗೊತ್ತು ಸಾರ್," ಎಂದಳು ನಾರಾಯಣಮ್ಮ ಶಾಂತವಾಗಿ. "ಕಾಫಿ ಕುಡ್ದು ಕೈ ತೊಳ್ಯಾಕೆ ನಿಮ್ಮ ಹಿತ್ಲಿಗೆ ಹೋಗಿದ್ದೆನಲ್ಲ. ಕಣ್ಣು ತುಂಬ ನೋಡ್ದೆ."

"ಮತ್ತೆ ಊರಲ್ಲಿ ಯಾಕೆ ಹೇಳಲಿಲ್ಲ?"

"ಬಿಡ್ಲಿಲ್ಲ ಅಂತ ಅಕ್ಕನೇ ಅಂದ್ಮೇಲೆ, ಬಿಟ್ಟಿದ್ವು ಅನ್ನಾಕೆ ನಾನ್ಯಾರು ಸಾರ್?" ಎಂದು ಹೇಳಿ ಕ್ಯಾನು ಎತ್ತಿಕೊಂಡು ಹೋದಳು.

ಅಕ್ಕ ಹುಳುವಿನ ಮನೆಯ ಮುಂದೆ ಕೂತು ಸೊಪ್ಪು ಹೆಚ್ಚುತ್ತಿದ್ದಳು. ನನ್ನನ್ನು ಕಂಡು ಏಳಲು ಹೋದವಳನ್ನು ತಡೆದು ಪಕ್ಕದಲ್ಲೇ ನೆಲದ ಮೇಲೆ ಕೂತೆ. ಹಾದಿಯುದ್ದಕ್ಕೂ ಸಿದ್ಧಮಾಡಿಕೊಂಡು ಬಂದಿದ್ದ ಮಾತುಗಳೆಲ್ಲ ಬಿದ್ದುಹೋದವು. ಒಂದು ಪೀಠಿಕೆಯೂ ಇಲ್ಲದೆ "ತಪ್ಪು ಮಾಡ್ದೆ ಅಕ್ಕ" ಎಂದೆ. ಅವಳು ಯಾವ ತಪ್ಪು ಎಂದು ಕೇಳಲಿಲ್ಲ.

"ಪಾಪಮ್ಮನ ಹತ್ರ ಈಗ್ಲೇ ಹೋಗಿ ಇದ್ದದ್ದು ಇದ್ದಂಗೆ ಹೇಳ್ತೀನಿ."

"ಬ್ಯಾಡ ಕಣೋ. ಈಗ ಹೇಳಿದ್ರೆ ನಾನು ಸುಳ್ಳಿ ಆಗ್ತೀನಿ." ಹೆಚ್ಚುವುದನ್ನು ನಿಲ್ಲಿಸಿ ಕುಡುಗೋಲನ್ನು ಪಕ್ಕಕ್ಕಿಟ್ಟಳು. "ಅವತ್ತು ಹೇಳ್ಬೇಕಾಗಿತ್ತು. ನಾನು ಹಂಗಂದ್ಮೇಲೆ ಒಂದು ಗಳಿಗೆ ಸುಮ್ನೆ ನಿಂತಿದ್ದೆ, ನೆನಪೈತಾ? 'ಇಲ್ಲಕ್ಕ, ಹಿಂದ್ಗಡೆ ಅವೆ ಬಾ' ಅಂತೀಯೇನೋ ಅಂತ ಕಾಯ್ತಿದ್ದೆ. ಅಂದಿದ್ರೆ ಮೂರು ಜನಾನೂ ಹಿತ್ಲಿಗೇ ಬಂದು ನೋಡ್ಕೊಂಡು ಹೋಗ್ತಿದ್ವು. ಹಿತ್ಲಾದ್ರೇನು? ಹೂವು ಹೂವೇ ಅಲ್ವಾ?"

ಅವಳ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು. ಎದ್ದು, ಸೊಪ್ಪಿನ ಬುಟ್ಟಿ ಹೊತ್ತು ಹುಳುವಿನ ಮನೆಯೊಳಗೆ ಹೋದಳು. ನಾನು ಬಾಗಿಲಲ್ಲೇ ನಿಂತಿದ್ದೆ. ಹೊರಗಿನವರು ಒಳಗೆ ಕಾಲಿಟ್ಟರೆ ಹುಳುವಿಗೆ ಆಗುವುದಿಲ್ಲ.

ಅವಳ ಮಾತನ್ನು ಮೀರಬಾರದಿತ್ತು. ಆದರೆ ತಡವಾಗಿ ಎಚ್ಚರಗೊಂಡ ಆತ್ಮಸಾಕ್ಷಿಗೆ ನಿದ್ದೆಗೆಟ್ಟವನ ಹಟವಿರುತ್ತದೆ. ಬಸ್ಸಿಗೆ ಹೋಗುವ ದಾರಿಯಲ್ಲೇ ಪಾಪಮ್ಮನ ಮನೆ. ಜಗಲಿಯ ಮೇಲೆ ಅವರೆಕಾಳು ಹಸನು ಮಾಡುತ್ತಿದ್ದ ಅವಳ ಮುಂದೆ ನಿಂತು, ಡಬ್ಬಗಳು ನನಗೆ ನಾಚಿಕೆ ತಂದದ್ದು, ಅವನ್ನು ಹಿತ್ತಲಿಗೆ ಸಾಗಿಸಿದ್ದು, ಏಳೂ ಹೇಳಿದ ದಿನವೇ ಅರಳಿದ್ದು, ಅಕ್ಕ ನನಗೋಸ್ಕರ ಸುಳ್ಳಾಡಿದ್ದು, ಎಲ್ಲವನ್ನೂ ಹೇಳಿದೆ. ನನ್ನ ಜೀವನದಲ್ಲಿ ಅಷ್ಟು ಸರಳವಾದ ಕನ್ನಡವನ್ನು ನಾನು ಆಡಿದ್ದು ಅದೇ ಮೊದಲು.

ಪಾಪಮ್ಮ ಕೇಳಿಸಿಕೊಂಡಳು. ಅವಳ ಕಣ್ಣು ತುಂಬಿತು. ಸೆರಗಿನಿಂದ ಒರೆಸಿಕೊಂಡು ಎರಡೂ ಕೈ ಜೋಡಿಸಿದಳು.

"ನಿಮ್ಮಂಥ ತಮ್ಮ ಯಾರಿಗೆ ಸಿಗ್ತಾನೆ ಸಾರ್? ಅಕ್ಕನ ಹೆಸ್ರು ಉಳ್ಸಾಕೆ ತಪ್ಪೆಲ್ಲ ನಿಮ್ಮ ಮೇಲೆ ಹಾಕ್ಕೊಂಡು ಇಷ್ಟು ದೂರ ಬಂದ್ರಲ್ಲ. ಓದಿದೋರು ಅಂದ್ರೆ ಹಿಂಗಿರಬೇಕು."

ನಾನು ಇಲ್ಲ ಇಲ್ಲವೆಂದಷ್ಟೂ ಅವಳಿಗೆ ನನ್ನ ವಿನಯ ದೊಡ್ಡದಾಗಿ ಕಾಣುತ್ತ ಹೋಯಿತು. ನಾರಾಯಣಮ್ಮನನ್ನು ಕೇಳು ಎನ್ನೋಣವೆಂದರೆ, ಅವಳು ಏನು ಹೇಳುತ್ತಾಳೆಂಬುದು ನನಗೆ ಆಗಲೇ ಗೊತ್ತಾಗಿತ್ತು. ಹೊರಡುವಾಗ ಪಾಪಮ್ಮ ಒಂದು ಸೇರು ಅವರೆಕಾಳು ಕಟ್ಟಿಕೊಟ್ಟಳು.

ಈಗ ಹುತ್ತೂರಿನಲ್ಲಿ ನಾನು ಆದರ್ಶ ತಮ್ಮ. ಅಲ್ಲಿಯ ತಾಯಂದಿರು ಜಗಳವಾಡುವ ಮಕ್ಕಳಿಗೆ ನನ್ನ ಉದಾಹರಣೆ ಕೊಡುತ್ತಾರಂತೆ. ಪಠ್ಯಪುಸ್ತಕದ ಆಚೆ ನಾನು ಕಲಿಸಿದ ಏಕೈಕ ನೀತಿಪಾಠ ಇದು, ಅದೂ ಸುಳ್ಳು. ಸಸಿ ಕೇಳಿಕೊಂಡು ಮಾತ್ರ ಅಕ್ಕನ ಬಾಗಿಲಿಗೆ ಇನ್ನೂ ಯಾರೂ ಬಂದಿಲ್ಲ.

ಈ ಸಲ ದಸರೆಗೆ ಬಡಾವಣೆಯ ಮೆಟ್ಟಿಲುಗಳೆಲ್ಲ ಮತ್ತೆ ಹೂವಿನಿಂದ ತುಂಬಿವೆ. ನಮ್ಮವು ಖಾಲಿ, ಮನೆಗೆ ಬಂದವರೆಲ್ಲ ನೇರವಾಗಿ, ಸರಾಗವಾಗಿ ಹತ್ತಿ ಒಳಗೆ ಬರುತ್ತಾರೆ, ಮೇಷ್ಟ್ರಿಗೆ ಹುಷಾರಿಲ್ಲವೇ ಎಂದು ಕೇಳುತ್ತಾರೆ. ನಿನ್ನೆ ಸಂಜೆ ಅಕ್ಕನಿಗೆ ಫೋನ್ ಮಾಡಿದೆ. ಮಳೆ, ಬೆಳೆ, ರೇಷ್ಮೆಗೂಡಿನ ಮಾತಾದ ಮೇಲೆ ಅವಳು ನಗುತ್ತ ಹೇಳಿದಳು:

"ಪಾಪಮ್ಮ ಬಂದಿದ್ಲು ಕಣೋ. ಇವತ್ತೂ ನಿನ್ನನ್ನೇ ಹೊಗಳಿದ್ದು. ಇಂಥ ತಮ್ಮನ್ನ ಪಡ್ಯಾಕೆ ನೀನು ಪುಣ್ಯ ಮಾಡಿದ್ದೆ ಅಂದ್ಲು."

"ನೀನೇನಂದೆ ಅಕ್ಕ?"

ಆ ಕಡೆ ಕುಡುಗೋಲನ್ನು ಪಕ್ಕಕ್ಕಿಟ್ಟ ಸದ್ದು ಕೇಳಿಸಿತು.

"ಹೌದು ಅಂದೆ" ಎಂದಳು.